ತಡೆದಿಟ್ಟ ಒಂದು ಮೇಲ್

ಆ ಕಚೇರಿಯ ಹಳೇ ಮೇಲ್ ಸರ್ವರ್ ಗೂರಲು ಹಿಡಿದ ಮುದುಕನಂತೆ ಏದುಸಿರು ಬಿಡುತ್ತಿತ್ತು. ಆರುನೂರು ಜನರ ಮೇಲ್‌ಗಳನ್ನು ಹೊಸ ಸರ್ವರ್‌ಗೆ ದಾಟಿಸುವ ಪ್ಲಾನ್ ಬರೆಯುವ ಕೆಲಸ ಮೂರನೇ ಮಹಡಿಯ ಕಂಪ್ಯೂಟರ್ ಮೇಡಂ ತಲೆಗೆ ಬಿತ್ತು. ಅವಳು ಒಂಟಿ. ಎಷ್ಟು ಒಂಟಿ ಎಂದರೆ, ಮನೆಯಲ್ಲಿ ನಲ್ಲಿ ತೊಟ್ಟಿಕ್ಕಿದರೂ "ಯಾರು?" ಎಂದು ಕೇಳುವಷ್ಟು.

ಮೊದಲು ಪರೀಕ್ಷೆ. ಹೊಸ ಸರ್ವರ್‌ನಿಂದ ಕೆಳಗಿನ ಗೋಡೌನ್ ಸೂಪರ್‌ವೈಸರ್‌ಗೆ ಬರೆದಳು: "ಪರೀಕ್ಷೆ ಒಂದು. ತಲುಪಿತಾ?"

"ತಲುಪಿತು ಮೇಡಂ. ಊಟ ಆಯ್ತಾ?"

ಊಟ ಆಯ್ತಾ! ಹತ್ತು ವರ್ಷದಿಂದ ಯಾರೂ ಕೇಳದ ಮಾತು. ಅವಳ ಕಿವಿ ಎಷ್ಟು ಕೆಂಪಾಯಿತೆಂದರೆ ಅದರಿಂದ ದೀಪ ಹಚ್ಚಬಹುದಿತ್ತು. ಹಸಿದ ಹೊಟ್ಟೆಯಲ್ಲೇ "ಆಯ್ತು" ಎಂದು ಸುಳ್ಳು ಬರೆದಳು.

ಪ್ಲಾನ್‌ನಲ್ಲಿದ್ದದ್ದು ಐದೇ ಪರೀಕ್ಷೆ. ಅವಳು ಇಪ್ಪತ್ತೆರಡು ಮಾಡಿದಳು. ಪ್ರತಿ ಸಲವೂ ಅದೇ ಪ್ರಶ್ನೆ, ಅದೇ ಸುಳ್ಳು.

"ಏನೇ, ಗೋಡೌನ್‌ಗೆ ಮಾತ್ರ ಇಷ್ಟೊಂದು ಪರೀಕ್ಷೆ? ಅಲ್ಲೇನು ನಿಧಿ ಇದ್ಯಾ?" ಪಕ್ಕದ ಮೇಜಿನ ಅಕ್ಕ ಕಣ್ಣು ಮಿಟುಕಿಸಿದಳು.

"ಲೈನ್ ಸರಿಯಿಲ್ಲ ಅಕ್ಕಾ."

"ಯಾರದು? ಅವನದಾ, ನಿಂದಾ?"

ಇಪ್ಪತ್ಮೂರನೆಯದಕ್ಕೆ ಧೈರ್ಯ ಮಾಡಿದಳು: "ಈ ಸಲ ಒಂದು ಫೋಟೋ ಕಳಿಸಿ. ಯಾವುದಾದ್ರೂ ಸರಿ."

ಉತ್ತರ ಬರಲಿಲ್ಲ. ಒಂದು ದಿನ, ಎರಡು ದಿನ, ಹನ್ನೆರಡು ದಿನ. ಇನ್‌ಬಾಕ್ಸ್ ನೋಡಿ ನೋಡಿ ಕಣ್ಣು ಸವೆದುಹೋದವು. ಮೆಟ್ಟಿಲಲ್ಲಿ ಎದುರಾದಾಗ ಅವನು ತಲೆ ತಗ್ಗಿಸಿ ಪಕ್ಕಕ್ಕೆ ಸರಿದ. ಅವಳು ಗೋಡೆ ನೋಡಿಕೊಂಡು ನಡೆದಳು. ಮತ್ತೆ ಅದೇ ಮನೆ, ಅದೇ ನಲ್ಲಿ.

ಪ್ಲಾನ್‌ನ ಕೊನೆಯ ಹೆಜ್ಜೆ: ತಡೆದಿಟ್ಟ ಮೇಲ್‌ಗಳನ್ನು ನೋಡಿ ಅಳಿಸುವುದು. ಗಾತ್ರ ಮೀರಿದ ಮೇಲ್ ಬಂದರೆ ಸರ್ವರ್ ಯಾರಿಗೂ ಹೇಳದೆ ಪಕ್ಕಕ್ಕಿಡಲಿ ಎಂದು ಬರೆದವಳು ಅವಳೇ. ಮಧ್ಯಾಹ್ನ ಪಟ್ಟಿ ತೆರೆದಳು. ಇದ್ದದ್ದು ಒಂದೇ ಮೇಲ್. ಹನ್ನೆರಡು ದಿನ ಹಳೆಯದು. ಅವಳಿಗೇ ಬಂದದ್ದು.

ಫೋಟೋದಲ್ಲಿ ಗೋಡೌನ್ ಕಿಟಕಿ, ಎರಡು ಕುರ್ಚಿ. ಕೆಳಗೆ: "ಎರಡನೇ ಕುರ್ಚಿ ಒರೆಸಿಟ್ಟಿದೀನಿ. ಒಬ್ಬನೇ ಉಂಡು ಉಂಡು ಸಾಕಾಗಿದೆ. ಊಟಕ್ಕೆ ಬರ್ತೀರಾ? ಇಷ್ಟ ಇಲ್ಲ ಅಂದ್ರೆ ಉತ್ತರ ಬರೀಬೇಡಿ. ಇನ್ನೊಂದ್ಸಲ ಕೇಳಲ್ಲ."

ಅಯ್ಯೋ! ಹನ್ನೆರಡು ದಿನ ಅವಳು ಬಾಯಿ ಬಿಡದೆ "ಇಷ್ಟ ಇಲ್ಲ" ಎನ್ನುತ್ತಲೇ ಇದ್ದಳು.

ಊಟದ ಡಬ್ಬಿ ಹಿಡಿದು ಮೂರು ಮಹಡಿ ಇಳಿದಳೋ ಹಾರಿದಳೋ, ಮೆಟ್ಟಿಲಿಗೇ ಗೊತ್ತಾಗಲಿಲ್ಲ.

ಅವನು ಕಿಟಕಿಯ ಬಳಿ ಒಬ್ಬನೇ ಉಣ್ಣುತ್ತಿದ್ದ. ಎರಡನೇ ಕುರ್ಚಿಯ ಮೇಲೆ ಎದೆಯೆತ್ತರ ರಟ್ಟಿನ ಪೆಟ್ಟಿಗೆಗಳ ರಾಶಿ.

"ಏನ್ ಮೇಡಂ, ಇಲ್ಲಿಗೆ?"

"ತಲುಪಿತು," ಎಂದಳು ಏದುಸಿರಿನಲ್ಲಿ. "ಈಗಷ್ಟೇ. ತುಂಬಾ ದೊಡ್ಡದು ಅಂತ ನನ್ನ ಸರ್ವರೇ ತಡೆದಿಟ್ಟಿತ್ತು."

"ಹನ್ನೆರಡು ದಿನಾನಾ?"

ಅವನೂ ಎಣಿಸಿದ್ದ.

ಅವನು ಪೆಟ್ಟಿಗೆಗಳನ್ನು ಒಂದೊಂದಾಗಿ ಕೆಳಗಿಳಿಸಿದ. ಅಂಗಿಯ ತೋಳಿನಿಂದ ಕುರ್ಚಿ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಆಮೇಲೆ, ಮುಖ ನೋಡದೆ:

"ಊಟ ಆಯ್ತಾ?"

"ಇಲ್ಲ," ಎಂದಳು. "ಒಂದು ದಿನಾನೂ ಆಗಿರಲಿಲ್ಲ."