ಬೆನ್ನಿನ ಕಿಂಡಿ

"ನಗೋದಾದ್ರೆ ನಗಪ್ಪ. ಈ ಕಿಂಡಿ ಮಾತ್ರ ಮುಚ್ಚಬೇಡ," ಎಂದು ಮುದುಕಿ ಕ್ಯಾಸೆಟ್ಟಿನ ಬೆನ್ನು ತಿರುಗಿಸಿ ತೋರಿಸಿದಳು. "ಇದು ಓಡೋವಾಗ ಹತ್ತಿರ ಮಕ್ಕಳಿರಬಾರದು. ಇದಕ್ಕೆ ಮಾಟ ಮಾಡಿದಾರೆ."

ಅವನು ನಕ್ಕೇಬಿಟ್ಟ. ಆ ಬೀದಿಯಲ್ಲಿ ಅಂಗಡಿ ಇಟ್ಟು ಮೂರು ತಿಂಗಳಾಗಿತ್ತಷ್ಟೆ. ಹಳೆಯ ವಿಡಿಯೊ ಕ್ಯಾಸೆಟ್ಟುಗಳ ಬೂಸ್ಟು ಒರೆಸಿ, ಅವುಗಳಲ್ಲಿದ್ದ ಮದುವೆಗಳನ್ನೂ ಹುಟ್ಟುಹಬ್ಬಗಳನ್ನೂ ಕಂಪ್ಯೂಟರಿಗೆ ಇಳಿಸಿಕೊಡುವುದು ಅವನ ಕಸುಬು. ಜನ ಕ್ಯಾಸೆಟ್ ಡಾಕ್ಟರು ಎನ್ನುತ್ತಿದ್ದರು. ದೆವ್ವ, ಮಾಟ ಎಲ್ಲ ಸುಳ್ಳು ಎನ್ನುವುದರಲ್ಲಿ ಡಾಕ್ಟರಿಗೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

"ಯಾರಜ್ಜಿ ಮಾಡಿದ್ದು?"

"ನಮ್ಮೆಜಮಾನ್ರು ವಿಡಿಯೊ ಲೈಬ್ರರಿ ಇಟ್ಟಿದ್ರು, ಅಲ್ಲಿಗೆ ಬಂದಿದ್ದು ಇದು. ಈ ಕಾರ್ಟೂನಲ್ಲಿ ದೆವ್ವಗಳಿಗೆಲ್ಲ ದನಿ ಕೊಡ್ತಿದ್ದೋನು ಒಬ್ಬನೇ. ಕಂಪನಿಯವರು ಅವನ ದನಿ ಒರೆಸಿಹಾಕಿ ಇನ್ನೊಬ್ಬನ ಕೈಲಿ ಹೇಳಿಸಿದ್ರಂತೆ. ಆ ಹೊಟ್ಟೆಯುರೀಲಿ ಮೊದಲನೆಯವನು ಇದಕ್ಕೆ ಮಾಟ ಮಾಡ್ದ." ಮುದುಕಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ನನ್ನ ಮಗನಿಗೆ ಆಗ ಏಳು ವರ್ಷ. ಯಾರೋ ಕಿಂಡಿಗೆ ಚೀಟಿ ಅಂಟಿಸಿದ್ರು. ಇವನು ಟೀವಿ ಮುಂದೆ ಕೂತು ಏನೋ ಕೂಗಿದ. ಅಷ್ಟೇ. ಮೂವತ್ತು ವರ್ಷ ಆಯ್ತು, ಅವನ ಬಾಯಿಂದ ಒಂದು ಶಬ್ದ ಹೊರಟಿಲ್ಲ. ಆ ಕೂಗು ಇದರೊಳಗೇ ಇದೆ. ಸವೆದುಹೋಗ್ತಾ ಇದೆ. ಬೇರೆ ಕಡೆ ಇಳಿಸೋಕಾಗತ್ತಾ ನೋಡು."

"ಆಗತ್ತಜ್ಜಿ. ನನ್ನ ಯಂತ್ರದಲ್ಲಿ ರೆಕಾರ್ಡ್ ಬಟನ್ನೇ ಕೆಟ್ಟುಹೋಗಿದೆ. ನಿಮ್ಮ ದೆವ್ವಕ್ಕೆ ಒತ್ತೋಕೆ ಬಟನ್ ಬೇಡ್ವಾ?"

ಮುದುಕಿ ನಗಲಿಲ್ಲ.

ಕ್ಯಾಸೆಟ್ಟಿನ ಬೆನ್ನ ಮೇಲೆ ಒಂದು ಪುಟ್ಟ ಬಿಲ್ಲೆ ಇರುತ್ತದೆ. ಅದನ್ನು ಮುರಿದರೆ ಕಿಂಡಿಯಾಗುತ್ತದೆ, ಆಮೇಲೆ ಅದರ ಮೇಲೆ ಹೊಸದೇನೂ ರೆಕಾರ್ಡ್ ಆಗದು. ಕಿಂಡಿಯ ಮೇಲೆ ಒಂದು ಪಟ್ಟಿ ಅಂಟಿಸಿದರೆ ಮತ್ತೆ ಆಗುತ್ತದೆ. ಈ ಕಸುಬಿನವರಿಗೆಲ್ಲ ಇದು ಗೊತ್ತು. ಅವನಿಗೂ ಗೊತ್ತಿತ್ತು, ಪಾಪ.

ಆದರೆ ಅವನ ಕಣ್ಣು ಕ್ಯಾಸೆಟ್ಟಿನ ಮುಖದ ಮೇಲಿತ್ತು. ಅಲ್ಲಿ ಬಣ್ಣ ಮಾಸಿದ ಚಿತ್ರ. ಮೂವರು ಮಕ್ಕಳು, ಅವರ ಹಿಂದೆ ಹಲ್ಲು ಕಟಕಟಿಸುವ ಹೇಡಿ ಕತ್ತೆ. ಅವನ ಎದೆ ಹಿಗ್ಗಿತು. ಚಿಕ್ಕಂದಿನಲ್ಲಿ ಅವನೂ ಅವನ ಅಕ್ಕನೂ ಒಂದೇ ಹೊದಿಕೆಯೊಳಗೆ ಕೂತು ನೋಡಿದ ಕಾರ್ಟೂನು ಇದು! ಪ್ರತಿ ಕತೆಯಲ್ಲೂ ಒಂದು ದೆವ್ವ, ಕೊನೆಯಲ್ಲಿ ಮುಖವಾಡ ಕಿತ್ತರೆ ಒಳಗೊಬ್ಬ ಕಳ್ಳ ಮನುಷ್ಯ. ಮುಖವಾಡ ಕಳಚುವ ಮೊದಲೇ ಅದು ಯಾರೆಂದು ಕೂಗಬೇಕು, ಅದು ಅವರ ಮನೆಯ ಪಂದ್ಯ. ಅಕ್ಕನೇ ಯಾವಾಗಲೂ ಗೆಲ್ಲುತ್ತಿದ್ದಳು. ದೆವ್ವವಿಲ್ಲ ಎಂಬ ಪಾಠ ಅವನು ಕಲಿತದ್ದೂ ಇಲ್ಲಿಂದಲೇ. ಈ ಕ್ಯಾಸೆಟ್ಟಿನಲ್ಲಿದ್ದ ಕೊನೆಯ ಕತೆಯೊಂದು ಮಾತ್ರ ಅವನಿಗೆ ಎಂದೂ ಸಿಕ್ಕಿರಲಿಲ್ಲ.

ಅಂಗಡಿಗೆ ಬಂದ ಪ್ರತಿ ಕ್ಯಾಸೆಟ್ಟಿಗೂ ಅವನು ನಂಬರಿನ ಚೀಟಿ ಅಂಟಿಸುತ್ತಿದ್ದ, ಯಾವಾಗಲೂ ಮುಖದ ಮೇಲೆ. ಇದಕ್ಕೆ ಮನಸ್ಸು ಬರಲಿಲ್ಲ. ಕತ್ತೆಯ ಮೂತಿ ಮುಚ್ಚಿಹೋಗುತ್ತಿತ್ತು. ಚೀಟಿಯನ್ನು ಬೆನ್ನಿಗೆ ಅಂಟಿಸಿ, ಹೆಬ್ಬೆರಳಿನಿಂದ ನೀಟಾಗಿ ಒತ್ತಿದ. ಕೈ ಮಾಡಿದ ಕೆಲಸ ತಲೆಗೆ ತಿಳಿಯಲೇ ಇಲ್ಲ.

ಮಧ್ಯಾಹ್ನ ಶಾಲೆ ಬಿಟ್ಟು ಮಗಳು ಬಂದಳು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಸಂಜೆಯವರೆಗೆ ಮಗು ಅಂಗಡಿಯಲ್ಲೇ. ಅವಳನ್ನು ಎಲ್ಲರೂ ಗಿಣಿ ಎನ್ನುತ್ತಿದ್ದರು, ಬಾಯಿಗೆ ಬೀಗವೇ ಇರಲಿಲ್ಲ.

"ಅಪ್ಪಾ, ಕತ್ತೆ ಯಾಕೆ ಅಳ್ತಿದೆ? ಅಪ್ಪಾ, ಕತ್ತೆಗೂ ಹೆದರಿಕೆ ಆಗತ್ತಾ? ಅಪ್ಪಾ..."

"ಒಂದು ನಿಮಿಷ ಬಾಯಿ ಮುಚ್ಚೇ ಗಿಣಿ! ಬಾ, ಪಂದ್ಯ ಆಡೋಣ."

ಮುದುಕಿಯ ಮಾತು ನೆನಪಾಗದೆ ಇರಲಿಲ್ಲ. ನೆನಪಾಯಿತು, ನಗುವೂ ಬಂತು. ಬೆಳಕು ಬೀಳದಂತೆ ಕಪ್ಪು ಪರದೆ ಎಳೆದ. ಕೋಣೆ ಗವಿಯಂತಾಯಿತು. ಸ್ಪಿರಿಟ್ಟಿನ ಘಾಟು, ಬೂಸ್ಟಿನ ಹಳಸಲು ವಾಸನೆ. ಯಂತ್ರ ಕ್ಯಾಸೆಟ್ಟನ್ನು ಗುಟುಕರಿಸಿತು.

ಕತೆ ಚೆನ್ನಾಗಿಯೇ ಓಡಿತು. ಗಿಣಿ ಅವನ ತೊಡೆಯ ಮೇಲೆ ಬಿದ್ದು ಬಿದ್ದು ನಕ್ಕಳು. ಅವನೂ ಮೂವತ್ತು ವರ್ಷ ಹಿಂದಿನ ಹೊದಿಕೆಯೊಳಗೆ ಹೋಗಿಬಿಟ್ಟಿದ್ದ. ಅಷ್ಟು ಸುಖ ಅವನಿಗೆ ಆಮೇಲೆ ಸಿಗಲಿಲ್ಲ.

ಕೊನೆಗೆ ದೆವ್ವ ಬಲೆಗೆ ಬಿತ್ತು. ಚಿತ್ರದ ಹುಡುಗಿ ಮುಖವಾಡಕ್ಕೆ ಕೈ ಹಾಕಿದಳು.

"ಮಾಲಿ! ಅದು ತೋಟದ ಮಾಲಿ! ಅಪ್ಪಾ, ನಾನೇ ಗೆದ್ದೆ!"

ಟಕ್.

ಯಂತ್ರದ ಮೇಲೆ ಕೆಂಪು ದೀಪ ಹತ್ತಿತು. ಕೆಟ್ಟ ಬಟನ್ನಿನ ದೀಪ. ಸುಟ್ಟ ಕೂದಲಿನ ವಾಸನೆ ಗಪ್ಪೆಂದು ಹರಡಿತು. ಚಿತ್ರದಲ್ಲಿ ಮುಖವಾಡ ಕಳಚಿತು. ಒಳಗೆ ಇನ್ನೊಂದು ಮುಖವಾಡ. ಅದೂ ಕಳಚಿತು. ಇನ್ನೊಂದು. ಇನ್ನೊಂದು. ಕೊನೆಗೆ ಮುಖವೇ ಇರಲಿಲ್ಲ. ಬಾಯಿ ಮಾತ್ರ. ಕರ್ರಗಿನ ತೆರೆದ ಬಾಯಿ. ಅದು ಏನನ್ನೋ ನುಂಗಿತು. ಮುಚ್ಚಿತು.

ಅವನು ವೈರು ಕಿತ್ತೆಸೆದ. ಯಂತ್ರ ನಿಲ್ಲಲಿಲ್ಲ. ಅದರ ಮುಚ್ಚಳ ಬಗೆದ. ಕ್ಯಾಸೆಟ್ಟು ಕೈಗೆ ಬಂತು. ಬಿಸಿ. ಬೆನ್ನ ಮೇಲೆ ಚೀಟಿ. ಅವನದೇ ಕೈಬರಹ. ಚೀಟಿಯ ಕೆಳಗೆ ಕಿಂಡಿ.

"ಗಿಣಿ, ಮಾತಾಡು. ಗಿಣಿ!"

ಗಿಣಿ ಬಾಯಿ ತೆರೆದಳು. ತುಟಿ ಅಪ್ಪಾ ಎಂದಿತು. ಗಂಟಲಿನ ನರ ಉಬ್ಬಿತು. ಶಬ್ದ ಬರಲಿಲ್ಲ.

ವೈದ್ಯರು ಗಂಟಲಲ್ಲಿ ಯಾವ ದೋಷವೂ ಇಲ್ಲವೆಂದರು. ಹೆಂಡತಿ ಅವನ ಮುಖ ನೋಡುವುದನ್ನು ಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಗಿಣಿಯ ಮಾತು ಆಡಿದ್ದೂ ಆಯಿತು, ಹೋದದ್ದೂ ಆಯಿತು. ಅವನು ಚೀಟಿ ಕಿತ್ತು ಕ್ಯಾಸೆಟ್ಟನ್ನು ಮತ್ತೆ ಹಾಕಿ ನೋಡಿದ. ಮುಖವಾಡ ಕಳಚುವ ಹೊತ್ತಿಗೆ ಮಗಳ ದನಿ ಸ್ಪಷ್ಟವಾಗಿ ಕೂಗಿತು. ಕಂಪ್ಯೂಟರಿಗೆ ಇಳಿಸಿದ, ಬೇರೆ ಕ್ಯಾಸೆಟ್ಟಿಗೆ ಇಳಿಸಿದ. ಅವುಗಳಲ್ಲಿ ಬರೀ ಸುಯ್ಯೆನ್ನುವ ಸದ್ದು.

ಮರುವಾರ ಮುದುಕಿ ಬಂದಳು. "ನನ್ನ ಮಗನ ದನಿ ಸಿಕ್ತೇನಪ್ಪಾ?"

ಅವನು ಕ್ಯಾಸೆಟ್ಟು ಹಾಕಿದ. ಮುದುಕಿ ಸೆರಗನ್ನು ಬಾಯಿಗೊತ್ತಿ ಕಾದಳು. ಮುಖವಾಡ ಕಳಚಿತು. ಮಗನ ದನಿ ಇದ್ದಲ್ಲಿ ಹೆಣ್ಣುಮಗುವೊಂದು ಕೂಗಿತು. ಒಂದರ ಮೇಲೆ ಇನ್ನೊಂದು ಕೂತರೆ ಹಳೆಯದು ಅಳಿಸಿಹೋಗುತ್ತದೆ. ಅದೂ ಈ ಕಸುಬಿನವರಿಗೆಲ್ಲ ಗೊತ್ತು.

ಮುದುಕಿ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಗಿಣಿಯನ್ನು ನೋಡಿದಳು. ಬೈಯಲಿಲ್ಲ, ಶಾಪ ಹಾಕಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಇದನ್ನ ನೀನೇ ಇಟ್ಕೋ. ನನಗೆ ಇನ್ನೇನಿದೆ ಅದರಲ್ಲಿ?" ಬಾಗಿಲಲ್ಲಿ ನಿಂತು ಹೇಳಿದಳು. "ವರ್ಷಕ್ಕೊಂದು ಸಲ ಹಾಕು. ಹಾಕಿದಷ್ಟೂ ಸವೆಯತ್ತೆ. ನಾನು ಮೊದಮೊದಲು ದಿನಾ ಹಾಕ್ತಿದ್ದೆ, ತಡೆಯೋಕಾಗ್ಲಿಲ್ಲ."

ಅವಳ ಚಪ್ಪಲಿಯ ಸದ್ದು ಬೀದಿಯಲ್ಲಿ ಕರಗಿತು. ಅವನು ಕ್ಯಾಸೆಟ್ಟನ್ನು ಕಪಾಟಿನಲ್ಲಿಟ್ಟು ಬೀಗ ಹಾಕಲು ಎದ್ದ.

ಗಿಣಿ ಸ್ಟೂಲಿನಿಂದಿಳಿದು ಬಂದು ಅವನ ಅಂಗಿ ಜಗ್ಗಿದಳು. ಕ್ಯಾಸೆಟ್ಟನ್ನು ತೋರಿಸಿದಳು, ಯಂತ್ರವನ್ನು ತೋರಿಸಿದಳು, ತನ್ನ ಗಂಟಲು ಮುಟ್ಟಿಕೊಂಡಳು. ಆಮೇಲೆ ಒಂದು ಬೆರಳೆತ್ತಿದಳು.

ಇನ್ನೊಂದೇ ಸಲ.

ಅವನು ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕಿದ.