ಸರ್ವರ್ ಕೋಣೆಯಲ್ಲಿ ತಡೆದವಳು

"ಆ ಬಟನ್ ಒತ್ತಬೇಡಿ."

ವೆಸೆಲಿನ್ ತಿರುಗಿ ನೋಡಿದ. ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಿದ್ದವಳು ರಾಲಿತ್ಸಾ. ಡ್ಯಾನ್ಯೂಬ್ ನದಿ ದಡದ ರೂಸೆ ಪಟ್ಟಣದಲ್ಲಿರುವ ಆ ಆಸ್ಪತ್ರೆಯ ನೆಟ್‌ವರ್ಕ್ ಅವಳ ಜವಾಬ್ದಾರಿ. ಎಲ್ಲ ಕಂಪ್ಯೂಟರ್‌ಗಳನ್ನೂ ಸಿಬ್ಬಂದಿಯ ಲಾಗಿನ್‌ಗಳನ್ನೂ ವಿಂಡೋಸ್‌ನ ಒಂದೇ ಡೈರೆಕ್ಟರಿಗೆ ಸೇರಿಸಲು ಅವನು ರಾಜಧಾನಿ ಸೋಫಿಯಾದಿಂದ ಬಂದಿದ್ದ.

"ಯಾಕೆ?"

"ಡೈರೆಕ್ಟರಿಗೆ ನಮ್ಮ ವೆಬ್‌ಸೈಟಿನ ಹೆಸರನ್ನೇ ಇಟ್ಟಿದ್ದೀರಿ. ಒಳಗಿನವರು ಸೈಟ್ ತೆರೆದ್ರೆ ನಿಮ್ಮ ಸರ್ವರ್‌ಗೆ ಬಂದು ನಿಲ್ತಾರೆ. ಡಾಕ್ಟರುಗಳು ರಕ್ತಪರೀಕ್ಷೆಯ ವರದಿ ನೋಡೋದು ಆ ಸೈಟಲ್ಲೇ. ಆ ಬಟನ್ ಒತ್ತಿದ ಮೇಲೆ ಹೆಸರು ಬದಲಾಯಿಸೋದು ಸುಲಭ ಅಲ್ಲ. ಯಾವ ಹೆಸರು ಯಾವ ಸರ್ವರ್‌ಗೆ ಹೋಗ್ಬೇಕು ಅಂತ ಹೇಳೋ ಡಿಎನ್‌ಎಸ್ ಬಗ್ಗೆ ಮೊದಲು ಯೋಚಿಸಿ, ಆಮೇಲೆ ಉಳಿದದ್ದು."

ಅವನ ಮುಖ ಕೆಂಪಾಯಿತು. ನನಗೆ ಪಾಠ ಬೇಡ ಎಂದು ರೇಗಿದ. ಆದರೂ ಕೈ ಹಿಂದಕ್ಕೆ ತೆಗೆದ.

ಮಧ್ಯಾಹ್ನ ಅವನು ನಿರ್ದೇಶಕಿ ಡಾಕ್ಟರ್ ಸ್ತಾನೆವಾ ಅವರ ಕೋಣೆಗೆ ಹೋದದ್ದನ್ನು ರಾಲಿತ್ಸಾ ಕಂಡಳು. ಸಂಜೆಯ ಹೊತ್ತಿಗೆ ಕೆಲಸ ಒಂದು ವಾರ ಮುಂದಕ್ಕೆ ಹೋಗಿತ್ತು.

ನಾನೇ ಅಡ್ಡಗಾಲು ಹಾಕಿದೆ ಅಂತ ದೂರು ಕೊಟ್ಟಿರ್ತಾನೆ... ಎಂದುಕೊಂಡಳು ಅವಳು.

ವಾರವಿಡೀ ಇಬ್ಬರೂ ಅಕ್ಕಪಕ್ಕ ಕೂತು ಕೆಲಸ ಮಾಡಿದರು. ಸೈಟಿನ ಹೆಸರಿನಡಿ ಡೈರೆಕ್ಟರಿಗೆ ಬೇರೆಯದೇ ಉಪಹೆಸರು. ಹೆಸರು ಕೇಳಿದರೆ ವಿಳಾಸ ಹುಡುಕಿಕೊಡಲು ಒಳಗೇ ಎರಡು ಡಿಎನ್‌ಎಸ್ ಸರ್ವರ್. ಹೊರಗಿನ ಹೆಸರುಗಳನ್ನು ಕೇಳಿದರೆ ಹೊರಕ್ಕೇ ದಾಟಿಸುವ ವ್ಯವಸ್ಥೆ. ಅವನು ಏನೋ ಹೇಳಹೊರಟಾಗಲೆಲ್ಲ ಅವಳು ಕೆಲಸದ ಮಾತಿಗೆ ಹೊರಳುತ್ತಿದ್ದಳು. ಅವನು ತಂದಿಟ್ಟ ಕಾಫಿ ತಣ್ಣಗಾಗುತ್ತಿತ್ತು.

ಸೋಮವಾರ ಬೆಳಿಗ್ಗೆ ವಾರ್ಡಿನ ಕಂಪ್ಯೂಟರ್‌ಗಳು ಒಂದೊಂದಾಗಿ ಡೈರೆಕ್ಟರಿಗೆ ಸೇರಿದವು. ಮಕ್ಕಳ ವಾರ್ಡಿನ ಡಾಕ್ಟರು ಸೈಟ್ ತೆರೆದರು. ವರದಿ ಬಂತು. ಎಲ್ಲರೂ ಹಿಡಿದಿಟ್ಟ ಉಸಿರು ಬಿಟ್ಟರು.

ಸ್ತಾನೆವಾ ಬಂದು ರಾಲಿತ್ಸಾಳ ಹೆಗಲು ತಟ್ಟಿದರು.

"ಆವತ್ತು ಈ ಹುಡುಗ ಬಂದು, ತಪ್ಪು ನಂದೇ, ಅವರು ತಡೀದಿದ್ರೆ ವಾರ್ಡುಗಳಿಗೆ ವರದಿನೇ ಸಿಗ್ತಿರಲಿಲ್ಲ, ಒಂದು ವಾರ ಕೊಡಿ ಅಂದ. ಒಳ್ಳೇ ಕೆಲಸ ಮಾಡಿದೆ ಮಗಳೇ."

ರಾಲಿತ್ಸಾ ಮೆಟ್ಟಿಲಿಳಿದು ಓಡಿದಳು. ವೆಸೆಲಿನ್ ಕಾರಿನಲ್ಲಿ ಬ್ಯಾಗ್ ಇಡುತ್ತಿದ್ದ.

"ನಂಗೆ ಯಾಕೆ ಹೇಳಲಿಲ್ಲ?"

"ಹೇಳೋಕೆ ಬಂದಾಗೆಲ್ಲ ನೀವು ಮಾತು ಬದಲಾಯಿಸ್ತಿದ್ರಿ."

"ವಾರ ಪೂರ್ತಿ ನಿಮ್ಮನ್ನ ಮನಸ್ಸಲ್ಲೇ ಬೈಕೊಂಡೆ."

"ಗೊತ್ತಾಗ್ತಿತ್ತು. ಆದ್ರೂ ಬೆಳಗಾದ್ರೆ ನಿಮ್ಮ ಪಕ್ಕ ಬಂದು ಕೂರೋಕೆ ಆಸೆಯಾಗ್ತಿತ್ತು... ಕೆಲಸ ಮುಗೀದಿದ್ರೆ ಸಾಕು ಅನ್ನಿಸ್ತಿತ್ತು."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಎಷ್ಟೋ ದಿನಗಳ ಮೇಲೆ ಮೈ ಹಗುರಾಗಿತ್ತು.

"ಇವತ್ತೇ ಹೋಗಲೇಬೇಕಾ?"

"ನೀನು ಇರು ಅಂದ್ರೆ ಇರ್ತೀನಿ."

"ಇರು," ಎಂದಳು. ಆಮೇಲೆ ಅವನ ಕೈಯಿಂದ ಬ್ಯಾಗ್ ತೆಗೆದುಕೊಂಡು ಮೆಲ್ಲಗೆ ಹೇಳಿದಳು, "ನದಿ ದಡದಲ್ಲಿ ಮೀನು ಚೆನ್ನಾಗಿ ಹುರಿದುಕೊಡ್ತಾರೆ. ಬಾ, ನಂಗೆ ತುಂಬಾ ಹಸಿವಾಗಿದೆ."