ಇಪ್ಪತ್ತಕ್ಕೇರಿದ ಒತ್ತಡ

"ನಾನೇ ನಮ್ಮಪ್ಪನ್ನ ಕೊಂದೆ ಅಂತ ಎಲ್ಲರೂ ಹೇಳ್ತಿದ್ದಾರೆ. ನಿಜ ಆದ್ರೆ ನಿಜ ಅಂತಾನೇ ಹೇಳಿಬಿಡಿ ಜಡ್ಜಮ್ಮ. ಸುಳ್ಳು ಸಮಾಧಾನ ಬೇಡ."

ಹೀಗೆಂದವಳು ಪಕ್ಕದ ಬೀದಿಯ ಶಾಲೆಯ ಟೀಚರ್. ಅವಳು ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ ಎಂಬುದು ದಂತವೈದ್ಯನಿಗೆ ನೋಡಿದೊಡನೆ ತಿಳಿಯಿತು. ಅವನ ಕ್ಲಿನಿಕ್ ಇದ್ದದ್ದು ಜಡ್ಜಮ್ಮನ ಮನೆಯ ಕೆಳಗೆ. ಬೆಳಗಿನ ಚಹಾಕ್ಕೆ ಮೆಟ್ಟಿಲೇರಿ ಬರುವುದು, ಬಂದಮೇಲೆ ಅವರ ಪ್ರಕರಣಗಳಲ್ಲಿ ಮೂಗು ತೂರಿಸುವುದು ಅವನಿಗೆ ಹಳೆಯ ಚಟ. ಜಡ್ಜಮ್ಮ ಎಂದೂ ನ್ಯಾಯಾಧೀಶರಾಗಿದ್ದವರಲ್ಲ. ವಿಮಾ ಕಂಪನಿಯೊಂದಕ್ಕೆ ಬೆಂಕಿ ಅನಾಹುತಗಳ ತನಿಖೆ ಮಾಡಿ ನಿವೃತ್ತರಾದವರು. ಎದುರು ಕೂತವರನ್ನು ಕನ್ನಡಕದ ಮೇಲಿಂದ ನೋಡುವ ಅವರ ರೀತಿಗೆ ಬೀದಿಯವರು ಆ ಹೆಸರಿಟ್ಟಿದ್ದರು.

ಟೀಚರ್ ಹೇಳಿದ್ದು ಇಷ್ಟು. ಅವಳ ತಂದೆಗೆ ಬೆಂಕಿ ನಂದಿಸುವ ಸಿಲಿಂಡರುಗಳನ್ನು ತುಂಬಿಸಿ ಕೊಡುವ ವರ್ಕ್‌ಶಾಪ್ ಇತ್ತು. ಕೆಳಗೆ ವರ್ಕ್‌ಶಾಪ್, ಮೇಲೆ ಮನೆ. ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ ವರ್ಷಗಟ್ಟಲೆ ಅವರನ್ನು ಹಿಂಡಿತ್ತು. ಹಗಲೆಲ್ಲ ತೂಕಡಿಕೆ. ಮಾತಿನ ಮಧ್ಯೆ, ಊಟದ ಮಧ್ಯೆ, ಎಚ್ಚರ ತಪ್ಪಿದವರಂತೆ ಮಲಗಿಬಿಡುತ್ತಿದ್ದರು. ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಗಾಳಿ ಊದಿಸಿಕೊಳ್ಳುವ ಯಂತ್ರ ತಂದರೂ ಗುಣ ಕಾಣಲಿಲ್ಲ, ಒತ್ತಡ ಸಾಲುತ್ತಿರಲಿಲ್ಲ. ಇತ್ತೀಚೆಗೆ ವೈದ್ಯರು ಫೋನಿನಲ್ಲಿ ಹೇಳಿಕೊಟ್ಟಂತೆ ಮಗಳೇ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿ ಎಂಟರಿಂದ ಹನ್ನೊಂದಕ್ಕೆ ಏರಿಸಿದಳು. ಆಗ ಚಿಕ್ಕಪ್ಪ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಅಣ್ಣ ಡೆಲಿವರಿ ವ್ಯಾನಿನಲ್ಲಿ ಹೊರಗಿದ್ದ. ಒಂದೇ ವಾರದಲ್ಲಿ ಅಪ್ಪ ಹೊಸ ಮನುಷ್ಯರಾದರು.

"ನಿನ್ನೆ ಬೆಳಿಗ್ಗೆ ಎಬ್ಬಿಸೋಕೆ ಹೋದೆ, ಮೈ ತಣ್ಣಗಿತ್ತು. ಮಾಸ್ಕ್ ಮುಖದ ಮೇಲಿತ್ತು. ಪಟ್ಟಿ ಎಷ್ಟು ಬಿಗಿ ಅಂದ್ರೆ ಬಿಚ್ಚೋಕೇ ಆಗ್ಲಿಲ್ಲ, ಕತ್ತರಿ ತಗೊಂಡೆ. ಯಂತ್ರ ಇಪ್ಪತ್ತು ತೋರಿಸ್ತಿತ್ತು." ಇಪ್ಪತ್ತೆಂದರೆ ಆ ಯಂತ್ರದ ಕೊನೆಯ ಮಿತಿ. ಮರಣೋತ್ತರ ಪರೀಕ್ಷೆ ಉಸಿರುಗಟ್ಟಿ ಸತ್ತಿದ್ದಾರೆ ಎಂದಿತ್ತು. ಗುಂಡಿ ಒತ್ತಲು ಬರುತ್ತಿದ್ದುದು ನಿನಗೊಬ್ಬಳಿಗೇ ಎಂದು ಅಣ್ಣ ಮುಖಕ್ಕೆ ಹೊಡೆದಂತೆ ಹೇಳಿದ್ದ. ಇನ್ಸ್‌ಪೆಕ್ಟರ್ ಮರುದಿನ ಠಾಣೆಗೆ ಬರಲು ಹೇಳಿದ್ದರು.

"ಮಾಸ್ಕ್ ತೆಗೆದಾಗ ಮೂಗಿನ ಮೇಲೆ ಕೆಂಪು ಗೀರು ಇತ್ತಾ?" ಜಡ್ಜಮ್ಮ ಕೇಳಿದರು.

ಅವಳು ಯೋಚಿಸಿದಳು. "ದಿನಾ ಇರ್ತಿತ್ತು. ನಿನ್ನೆ ಇರಲಿಲ್ಲ. ಮುಖ ತೊಳೆದ ಹಾಗಿತ್ತು."

ದಂತವೈದ್ಯ ತನಗರಿವಿಲ್ಲದೆ ಸ್ವಂತ ಮೂಗನ್ನು ಮುಟ್ಟಿಕೊಂಡ. ಅವನೂ ಅಂಥದೇ ಯಂತ್ರಕ್ಕೆ ಮೂಗು ಒಪ್ಪಿಸಿದವನು. ಗೊರಕೆಗೆ ಬೇಸತ್ತ ಹೆಂಡತಿ ಒಂದೋ ಯಂತ್ರ, ಇಲ್ಲವೇ ವರಾಂಡ ಎಂದು ಖಡಾಖಂಡಿತವಾಗಿ ಹೇಳಿದ್ದಳು.

ಮೂವರೂ ಹೋಗಿ ನೋಡಿದಾಗ ಅಪ್ಪನ ಕೋಣೆ ಹೇಗಿತ್ತೋ ಹಾಗೇ ಇತ್ತು. ಯಂತ್ರ ಹಳೆಯ ಮಾದರಿಯದು, ಯಾವಾಗ ಏನಾಯಿತೆಂದು ನೆನಪಿಡುವಂಥದ್ದಲ್ಲ. ಪೈಪು ಯಂತ್ರಕ್ಕೆ ಸೇರುವಲ್ಲಿ ಅದರ ರಬ್ಬರ್ ತುದಿ ಸೀಳಿತ್ತು. ಸೀಳಿನ ಮೇಲೆ ನಲ್ಲಿ ಜೋಡಿಸುವವರು ಬಳಸುವ ತೆಳ್ಳನೆಯ ಬಿಳಿ ಟೇಪನ್ನು ಒಂದಿಷ್ಟೂ ಸುಕ್ಕಿಲ್ಲದೆ ಸುತ್ತಲಾಗಿತ್ತು. ಸಾವಿನ ಹಿಂದಿನ ಸಂಜೆ ತಾನು ಪೈಪು ತೊಳೆದಿಟ್ಟಾಗ ಸೀಳೂ ಇರಲಿಲ್ಲ, ಟೇಪೂ ಇರಲಿಲ್ಲ ಎಂದಳು ಟೀಚರ್. ಅಣ್ಣನ ಕೋಣೆ ಎದುರಿಗೆ, ಚಿಕ್ಕಪ್ಪನದು ಹಲಗೆಯ ಗೋಡೆಯಾಚೆ. ಅವಳದು ಮೇಲಿನ ಅಂತಸ್ತಿನಲ್ಲಿ. ಆ ರಾತ್ರಿ ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದವಿತ್ತು ಎಂದು ಚಿಕ್ಕಪ್ಪನೇ ಹೇಳಿದರು.

ವರ್ಕ್‌ಶಾಪಿನಲ್ಲಿ ಕೆಂಪು ಸಿಲಿಂಡರುಗಳು ಸಾಲಾಗಿ ನಿಂತಿದ್ದವು. ಕೆಲಸವನ್ನು ಚಿಕ್ಕಪ್ಪ, ಅಣ್ಣ ಇಬ್ಬರೂ ಹಂಚಿಕೊಂಡಿದ್ದರು. ತುಂಬಿಸಿ, ವಾಲ್ವ್ ಬಿಗಿದು, ಒತ್ತಡ ತೋರಿಸುವ ಮುಳ್ಳು ಹಸಿರಿಗೆ ಬಂದಿದೆಯೇ ಎಂದು ನೋಡುವುದು ಚಿಕ್ಕಪ್ಪ. ಊರಿಗೆಲ್ಲ ಒಯ್ದು ಗೋಡೆಗೆ ನೇತುಹಾಕುವುದು ಅಣ್ಣ. ಅಣ್ಣ ತಂಗಿಯ ಕಡೆ ತಿರುಗಿಯೂ ನೋಡದೆ ಜಡ್ಜಮ್ಮನಿಗೆ ಉತ್ತರ ಕೊಟ್ಟ. ಅಪ್ಪ ಚೇತರಿಸಿಕೊಂಡ ಮೇಲೆ ದಿನವಿಡೀ ಕೆಳಗೇ ಇರುತ್ತಿದ್ದರಂತೆ. ಒಂದೊಂದೇ ಸಿಲಿಂಡರನ್ನು ಎತ್ತಿ ನೋಡಿ ಇಳಿಸುತ್ತಿದ್ದರಂತೆ. "ಸೋಮವಾರ ವ್ಯಾನ್ ಖಾಲಿ ಇಟ್ಟುಕೋ ಅಂದಿದ್ರು. ಯಾಕೆ ಅಂತ ಹೇಳ್ಲಿಲ್ಲ."

ಚಿಕ್ಕಪ್ಪ ತೀರಿಹೋದ ತಮ್ಮ ಅಣ್ಣನ ಒಳ್ಳೆಯತನ ಹೇಳುತ್ತ ಕಣ್ಣೊರೆಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಮೂಲೆಯಲ್ಲಿದ್ದ, ಸಿಲಿಂಡರಿಗೆ ಗಾಳಿ ತುಂಬುವ ಯಂತ್ರದ ಪೈಪಿನಲ್ಲಿ ಸಣ್ಣಗೆ ಸುಯ್ಯೆಂದಿತು. ಅಣ್ಣ ಅದರ ಪಕ್ಕದಲ್ಲೇ ನಿಂತಿದ್ದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಚಿಕ್ಕಪ್ಪ ಮಾತನ್ನು ಅರ್ಧಕ್ಕೇ ಬಿಟ್ಟು ಹೋಗಿ ಸೋರುವ ಜಾಗವನ್ನು ಸರಿಮಾಡಿ ಬಂದರು. ಜಡ್ಜಮ್ಮ ಆ ಹೊತ್ತಿನಲ್ಲಿ ಎರಡು ಸಿಲಿಂಡರುಗಳನ್ನು ದಂತವೈದ್ಯನ ಕೈಗೆ ಕೊಟ್ಟರು. ಎರಡರ ಮುಳ್ಳೂ ಹಸಿರಿನಲ್ಲೇ ಇತ್ತು. ಒಂದು ಅವನ ತೋಳು ಇಳಿಸಿತು, ಇನ್ನೊಂದು ಸಲೀಸಾಗಿ ಮೇಲೆದ್ದಿತು.

"ಡಾಕ್ಟ್ರೇ, ಮನೆಗೆ ಹೋಗಿ ನಿಮ್ಮ ಯಂತ್ರ ಇಪ್ಪತ್ತಕ್ಕೆ ಇಟ್ಟು ಮಲಗಿ ನೋಡಿ," ಎಂದರು ಜಡ್ಜಮ್ಮ.

ಅವನು ಹಾಗೇ ಮಾಡಿದ. ಕೆನ್ನೆ ಉಬ್ಬಿ, ಮಾಸ್ಕಿನ ಅಂಚು ಸೀಟಿ ಹೊಡೆದು, ಗಂಟಲಿಗೆ ಗಾಳಿ ನುಗ್ಗಿತು. ಅರೆಕ್ಷಣದಲ್ಲಿ ಅವನ ಕೈ ತಾನಾಗಿಯೇ ಮಾಸ್ಕನ್ನು ಕಿತ್ತೆಸೆಯಿತು. ಪಟ್ಟಿ ಬಿಗಿದರೆ ಸೀಟಿ ನಿಲ್ಲುತ್ತಿತ್ತು, ಆದರೆ ಮೂಗಿನ ಮೂಳೆ ಮುರಿಯುವಷ್ಟು ನೋವು. ಪಾಪ, ಹೆಂಡತಿ ಅಡುಗೆಮನೆಯಿಂದ ಓಡಿಬಂದಿದ್ದಳು.

ಮರುದಿನ ಜಡ್ಜಮ್ಮನ ಮಾತಿನಂತೆ ಎಲ್ಲರೂ ಠಾಣೆಯ ಬದಲು ವರ್ಕ್‌ಶಾಪಿನಲ್ಲಿ ಸೇರಿದರು. ಇನ್ಸ್‌ಪೆಕ್ಟರ್ ಗೋಡೆಗೊರಗಿ ನಿಂತರು, ಟೀಚರ್ ಬಾಗಿಲ ಬಳಿ ಕೂತಳು. ದಂತವೈದ್ಯನ ಯಂತ್ರ ಮೇಜಿನ ಮೇಲೆ ಓಡುತ್ತಿತ್ತು. ಜಡ್ಜಮ್ಮ ಅದರ ಪೈಪನ್ನು ಬೇಕೆಂದೇ ಅರ್ಧ ಸಿಕ್ಕಿಸಿದ್ದರಿಂದ ಗಾಳಿ ಸುಯ್ಯೆಂದು ಸೋರುತ್ತಿತ್ತು. ಅವರು ಆ ಸದ್ದಿನ ಮೇಲೆಯೇ ಮಾತಾಡಿದರು.

"ಇಪ್ಪತ್ತರ ಒತ್ತಡಕ್ಕೆ ಬದುಕಿರೋ ಮನುಷ್ಯ ಮಾಸ್ಕ್ ಕಿತ್ತು ಎದ್ದು ಕೂರ್ತಾನೆ. ಡಾಕ್ಟ್ರು ಕೂತ್ರು. ಕತ್ತರಿ ಹಾಕೋ ಅಷ್ಟು ಬಿಗಿದ ಪಟ್ಟೀಲಿ ಯಾರೂ ನಿದ್ದೆ ಮಾಡಲ್ಲ. ಅಷ್ಟು ಬಿಗಿದ್ರೂ ಮೂಗು ಕೆಂಪಾಗಿರಲಿಲ್ಲ. ರಕ್ತ ಓಡಾಡೋ ಚರ್ಮ ಮಾತ್ರ ಕೆಂಪಾಗತ್ತೆ. ಅಂದ್ರೆ ಮಾಸ್ಕ್ ಕಟ್ಟಿದ್ದು ಸತ್ತಮೇಲೆ. ಒತ್ತಡ ಏರಿಸಿದ್ದೂ ಆಗಲೇ, ತಪ್ಪು ಈ ಹುಡುಗಿ ತಲೆಗೆ ಬರಲಿ ಅಂತ. ಕೊಂದಿದ್ದು ಯಂತ್ರ ಅಲ್ಲ. ಅವರು ಮಾಸ್ಕ್ ಹಾಕೋ ಮೊದಲೇ ಯಾರೋ ಮುಖದ ಮೇಲೆ ದಿಂಬು ಒತ್ತಿದ್ರು."

ಟೀಚರ್ ಬಾಯಿಗೆ ಕೈ ಅಡ್ಡ ಹಿಡಿದಳು. ಇನ್ಸ್‌ಪೆಕ್ಟರ್ ಗೋಡೆ ಬಿಟ್ಟು ನೆಟ್ಟಗೆ ನಿಂತರು.

"ಒದ್ದಾಟದಲ್ಲಿ ಪೈಪಿನ ತುದಿ ಸೀಳಿತು. ಸತ್ತವರಿಗೆ ಗಾಳಿ ಸೋರಿದ್ರೆ ಏನಾಗಬೇಕು? ಬೇರೆ ಯಾರಾದ್ರೂ ಹಾಗೇ ಬಿಟ್ಟು ಹೋಗ್ತಿದ್ರು. ಕೊಂದವನ ಕೈಲಿ ಬಿಡೋಕೆ ಆಗ್ಲಿಲ್ಲ. ಟೇಪ್ ಸುತ್ತಿದ, ಪಟ್ಟಿ ಬಿಗಿದ, ಒಂದು ಚೂರೂ ಸೋರದ ಹಾಗೆ ಮಾಡಿ ಹೋದ. ವರ್ಷಾನುಗಟ್ಟಲೆ ಅವನು ಅದನ್ನೇ ಮಾಡ್ಕೊಂಡು ಬಂದಿದ್ದ. ದುಡ್ಡು ಉಳಿಸೋಕೆ ಬೆಂಕಿ ಆರಿಸೋ ಪುಡಿ ತುಂಬದೆ ಬರೀ ಗಾಳಿ ತುಂಬಿದ ಸಿಲಿಂಡರ್‌ನಲ್ಲೂ ಮುಳ್ಳು ಹಸಿರಲ್ಲೇ ನಿಲ್ಲತ್ತೆ. ಸೋರಿದ್ರೆ ಮಾತ್ರ ಮುಳ್ಳು ಇಳಿದು ಗುಟ್ಟು ರಟ್ಟಾಗತ್ತೆ."

ಆಗ ಎಲ್ಲರೂ ನೋಡಿದರು. ಚಿಕ್ಕಪ್ಪನ ಎಡಗೈ ಮೇಜಿನ ಮೇಲಿನ ಪೈಪನ್ನು ಒತ್ತಿ ಹಿಡಿದಿತ್ತು, ಬಲಗೈ ಜೇಬಿನಿಂದ ಬಿಳಿ ಟೇಪಿನ ಸುರುಳಿ ತೆಗೆದಿತ್ತು. ಎಲ್ಲರ ಕಣ್ಣು ತನ್ನ ಮೇಲಿರುವುದು ತಿಳಿದಾಗ ಅವರು ಸುರುಳಿಯನ್ನು ಮೆಲ್ಲಗೆ ಕೆಳಗಿಟ್ಟರು.

ಟೇಪು ಒಂದೇ ಸಾಕ್ಷಿಯಾಗಿದ್ದರೆ ಇನ್ಸ್‌ಪೆಕ್ಟರ್ ಒಪ್ಪುತ್ತಿರಲಿಲ್ಲವೇನೋ. ಜಡ್ಜಮ್ಮ ಸಾಲಿನಲ್ಲಿದ್ದ ಹಗುರ ಸಿಲಿಂಡರನ್ನು ಬಿಚ್ಚಿಸಿ ತಲೆಕೆಳಗು ಮಾಡಿಸಿದರು. ಒಂದು ಚಿಟಿಕೆ ಪುಡಿಯೂ ಬೀಳಲಿಲ್ಲ. ಗುಂಡಿ ಒತ್ತುವ ವಿಧಾನ ನೋಡಿದ್ದವರು ಮಗಳನ್ನು ಬಿಟ್ಟರೆ ಚಿಕ್ಕಪ್ಪ ಒಬ್ಬರೇ ಎಂದು ನೆನಪಿಸಿದರು. ಹಲಗೆಗೋಡೆಯಾಚೆ ಮಲಗಿಯೂ ಸೂಜಿ ಬೀಳುವ ಸದ್ದಿಗೆ ಎಚ್ಚರವಿದ್ದವರಿಗೆ ಒದ್ದಾಟ ಕೇಳಿಸದೆ ಹೋದದ್ದು ಹೇಗೆಂದು ಚಿಕ್ಕಪ್ಪನನ್ನೇ ಕೇಳಿದರು.

"ಶಾಲೆಗೂ ಆಸ್ಪತ್ರೆಗೂ ಖಾಲಿ ಸಿಲಿಂಡರ್ ಹೋಗಿರೋದು ನಿಮ್ಮಣ್ಣಂಗೆ ಗೊತ್ತಾಯ್ತು. ಸೋಮವಾರ ಎಲ್ಲ ವಾಪಸ್ ತರಿಸೋರಿದ್ರು. ಅಲ್ವಾ?"

ಚಿಕ್ಕಪ್ಪ ಟೇಪಿನ ಸುರುಳಿಯನ್ನು ಬೆರಳಿನಿಂದ ಆಚೆ ಸರಿಸಿದರು. "ಊರಿಗೆಲ್ಲ ಹೇಳ್ತೀನಿ ಅಂದ," ಎಂದರು. "ಇಷ್ಟು ವರ್ಷ ಎಲ್ಲ ನಾನೇ ನಡೆಸಿದೆ. ಮಲಗಿದ್ದಾಗ ಚೆನ್ನಾಗಿದ್ದ ನಮ್ಮಣ್ಣ. ಎದ್ದಮೇಲೆ ಯಾರ ಮಾತೂ ಕೇಳ್ಲಿಲ್ಲ."

ಅವರನ್ನು ಜೀಪಿಗೆ ಹತ್ತಿಸಿದ ಮೇಲೆ ಅಣ್ಣ ತಂಗಿಯ ಕಾಲ ಬಳಿ ಕುಸಿದು ಕೂತ. ಅವಳು ಅವನನ್ನು ನೋಡಲಿಲ್ಲ. ಜಡ್ಜಮ್ಮನನ್ನೇ ನೋಡುತ್ತಿದ್ದಳು.

"ನಾನು ಪ್ರೆಶರ್ ಏರಿಸದೇ ಇದ್ದಿದ್ರೆ ಅಪ್ಪ ಬದುಕಿರ್ತಿದ್ರು."

ದಂತವೈದ್ಯ ಏನಾದರೊಂದು ಹೇಳಿ ತೇಪೆ ಹಚ್ಚಲು ಬಾಯಿ ತೆರೆದ. ಜಡ್ಜಮ್ಮ ಕೈಯೆತ್ತಿ ತಡೆದರು.

"ಬದುಕಿರ್ತಿದ್ರು," ಎಂದರು. "ಸುಳ್ಳು ಸಮಾಧಾನ ಬೇಡ ಅಂದವಳು ನೀನು. ತೂಕಡಿಸ್ತಾ ಬದುಕಿರ್ತಿದ್ರು, ಈ ಖಾಲಿ ಡಬ್ಬಗಳು ಊರಿಗೆಲ್ಲ ಹೋಗ್ತಾನೇ ಇರ್ತಿದ್ವು. ನೀನು ನಿಮ್ಮಪ್ಪನ್ನ ಎಬ್ಬಿಸಿದೆ ಮಗಳೇ. ಕೊಂದಿದ್ದು ಅವನು."

ಆಗ ಅವಳು ಅತ್ತಳು. ಸಾವಿನ ಬೆಳಿಗ್ಗೆಯಿಂದ ಅವಳು ಅತ್ತದ್ದು ಅದೇ ಮೊದಲು. ದಂತವೈದ್ಯ ಹೊರಗೆ ಹೋಗಿ ನಿಂತ.

ಸೋಮವಾರ ಬೆಳಿಗ್ಗೆ ವರ್ಕ್‌ಶಾಪಿನ ವ್ಯಾನ್ ಕ್ಲಿನಿಕ್ಕಿನ ಮುಂದೆ ನಿಂತಿತು. ಅಣ್ಣ ಓಡಿಸುತ್ತಿದ್ದ, ಪಕ್ಕದಲ್ಲಿ ಟೀಚರ್ ಕೂತಿದ್ದಳು. ದಂತವೈದ್ಯ ರೋಗಿಗಳ ಬೆಂಚಿನ ಮೇಲೆ ತೂಗುತ್ತಿದ್ದ ಸಿಲಿಂಡರನ್ನು ಇಳಿಸಿದ. ಮುಳ್ಳು ಹಸಿರಿನಲ್ಲೇ ಇತ್ತು. ಅದು ಖಾಲಿ ಬಿಂದಿಗೆಯಂತೆ ಅವನ ಒಂದೇ ಕೈಗೆ ಬಂತು.

ಅವಳು ಅದನ್ನು ತೆಗೆದುಕೊಂಡು ವ್ಯಾನಿನೊಳಗೆ ಉಳಿದವುಗಳ ಪಕ್ಕದಲ್ಲಿ ನಿಲ್ಲಿಸಿದಳು.

"ನಮ್ಮ ಶಾಲೇದು ಮೊದಲು ತಂದ್ವಿ ಡಾಕ್ಟ್ರೇ," ಎಂದಳು. "ಒಂದನೇ ಕ್ಲಾಸಿನ ಬಾಗಿಲ ಹತ್ತಿರದ್ದು. ಅದೂ ಹೀಗೇ ಇತ್ತು."